ನಲವತ್ತೊಂದನೇ ಸಾಲು

ಇರಕಲ್ಲಗಡ
೧೭ ಜನವರಿ ೨೦೨೫, ಶುಕ್ರವಾರ

ಶಿವಲೀಲಾ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು, ಯಾರೋ ತೀರಿಕೊಂಡಿರಬೇಕು ಎಂದು ನಿನಗೆ ಅನ್ನಿಸಿರುತ್ತದೆ. ಯಾರೂ ತೀರಿಕೊಂಡಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಎರಡನೇ ನಿಮಿಷಕ್ಕೆ ನಾನು ಬೇರೇನನ್ನೋ ಹೇಳತೊಡಗುತ್ತೇನೆ, ಇದು ನಿನಗೆ ಗೊತ್ತಿರುವ ಸಂಗತಿ. ಮರಳಿ ಊರಿನಲ್ಲಿ ನೀನಿರುವ ಮನೆಯ ವಿಳಾಸ ನನ್ನ ಹತ್ತಿರ ಇಲ್ಲವೆಂದು ಇವತ್ತು ಹುಡುಕಿದಾಗ ಗೊತ್ತಾಯಿತು. ಅದಕ್ಕೇ ನೀನು ಕಲಿಸುವ ಶಾಲೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮಕ್ಕಳ ಮುಂದೆ ಒಡೆಯಬೇಡ.

ಅಲ್ಲಿ ಈಗ ಭತ್ತದ ಎರಡನೇ ಬೆಳೆಗೆ ನಾಟಿ ನಡೆದಿರಬೇಕು. ಇಲ್ಲಿ ಕುಸುಬಿ ಹೂವಿಗೆ ಬಂದು ಮುಗಿಯುತ್ತಿದೆ. ಹಳದಿ ಹೋಗಿ ಕೆಂಪಾಗುತ್ತಿದೆ.

ನೇರವಾಗಿ ಬರೆಯುತ್ತೇನೆ. ಬರುವ ಶುಕ್ರವಾರ, ಇಪ್ಪತ್ನಾಲ್ಕರಂದು, ನಮ್ಮ ಬೀಜದ ಕಂಪನಿಯ ಮುಖ್ಯ ಕಚೇರಿಯಿಂದ ತಿರುಪತಿ ಎಂಬುವರು ನಿನಗೆ ಫೋನು ಮಾಡುತ್ತಾರೆ. ಅವರು ಕೇಳುವುದು ಒಂದೇ ಪ್ರಶ್ನೆ. ೨೦೧೬ರ ಡಿಸೆಂಬರ್ ಹನ್ನೆರಡು, ಹದಿಮೂರು, ಹದಿನಾಲ್ಕು, ಈ ಮೂರು ದಿನ ನಿನ್ನ ಗಂಡ ಗಂಗಾವತಿಯ ಆಸ್ಪತ್ರೆಯಲ್ಲಿ ನಿನ್ನ ಜೊತೆ ಇದ್ದನೇ?

ಇರಲಿಲ್ಲ. ಅದು ನಿನಗೆ ಗೊತ್ತು. ಆಗ ನಾನು ನಿನಗೆ ಫೋನಿನಲ್ಲಿ ಹೇಳಿದ್ದೆ, ಹೂವಿನ ಹಂಗಾಮು, ತಾಕು ಬಿಟ್ಟು ಬರುವ ಹಾಗಿಲ್ಲ ಎಂದು. ನೀನು ಅದನ್ನು ನಂಬಿದೆ. ನಾಲ್ಕು ವರ್ಷದ ಕೆಳಗೆ ಈ ಮನೆ ಬಿಟ್ಟು ಹೋಗುವಾಗ ಚೀಲದ ಜಿಪ್ಪು ಹಾಕುತ್ತ ಹೇಳಿದ್ದೆಯಲ್ಲ, "ನನಗಿಂತ ಆ ಕುಸುಬಿ ಮುಳ್ಳಗಿಡಾನ ಹೆಚ್ಚು ಅಂದ್ರ ಅದರ ಕೂಡನ ಇರ್ರಿ. ಅದಕ್ಕಾರ ಟೈಮಿಗೆ ನೀರು ಹಾಕ್ರಿ" ಎಂದು. ನಾನು ತಿದ್ದಲಿಲ್ಲ. ಆ ಬೈಗುಳದಲ್ಲಿ ನನಗೊಂದು ಮರ್ಯಾದೆ ಇತ್ತು. ಕೆಲಸದ ಹುಚ್ಚಿನವನು ಎನ್ನಿಸಿಕೊಳ್ಳುವುದು ನನಗೆ ಸುಲಭವಾಗಿತ್ತು.

ಕಂಪನಿಯ ಈ ಫಾರ್ಮಿನಲ್ಲಿ ನಾನು ನಿನ್ನ ಬಗ್ಗೆ ಬೇರೆ ಹೇಳಿದ್ದೆ. ಹೆಂಡತಿ ಗಂಗಾವತಿಯ ಆಸ್ಪತ್ರೆಯಲ್ಲಿದ್ದಾಳೆ, ಏಳು ತಿಂಗಳಿಗೇ ನೋವು ಕಾಣಿಸಿದೆ, ನಾನು ಹೋಗಬೇಕು ಎಂದು. ಹಾಜರಿ ಪುಸ್ತಕದಲ್ಲಿ ಆ ಮೂರು ದಿನಗಳ ಮುಂದೆ ಹಾಗೆಂದೇ ಬರೆದಿದೆ. ಅವರೂ ನಂಬಿದರು. ನಿನಗೆ ನಾನು ಹೊಲದಲ್ಲಿದ್ದೆ, ಹೊಲಕ್ಕೆ ನಾನು ನಿನ್ನ ಹತ್ತಿರ ಇದ್ದೆ.

ಇಷ್ಟು ವರ್ಷ ಆ ಎರಡು ಮಾತು ಒಂದಕ್ಕೊಂದು ಎದುರಾಗಿರಲಿಲ್ಲ. ಈಗ ಯಾಕೆ ಎದುರಾದವು ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು. ನೀನು ಅದನ್ನು ಕೇಳಿ ಬೇಸತ್ತವಳು. ಆದರೂ ಓದು.

ನಾನು ಹುಡುಕುತ್ತಿದ್ದದ್ದು ಬೇಗ ಹೂವಿಗೆ ಬರುವ ಕುಸುಬಿಯನ್ನು. ಇಲ್ಲಿನ ಎರೆಹೊಲದಲ್ಲಿ ಹಿಂಗಾರಿ ತೇವ ಇರುವುದು ಇಷ್ಟೇ ದಿನ ಎಂದಿರುತ್ತದೆ. ಎಂಬತ್ತು ದಿನಕ್ಕೆ ಹೂ ಬಿಡುವ ಗಿಡ ಅಷ್ಟೊತ್ತಿಗೆ ಬಾಯಾರಿ, ಕರಿಹೇನು ಹತ್ತಿಸಿಕೊಂಡು, ಜೊಳ್ಳು ಕಾಳು ಕೊಡುತ್ತದೆ. ಅರವತ್ತು ದಿನಕ್ಕೆ ಬಿಡುವ ಗಿಡ ಸಿಕ್ಕರೆ ಅದು ತಪ್ಪಿಸಿಕೊಳ್ಳುತ್ತದೆ. ಏಳು ವರ್ಷ ಹುಡುಕಿದೆ. ೨೦೧೬ರಲ್ಲಿ ನಲವತ್ತೊಂದನೇ ಸಾಲಿನ ಗಿಡಗಳು ಅರವತ್ತೊಂದನೇ ದಿನಕ್ಕೆ ಹಳದಿ ತೋರಿಸಿದವು.

ಹಾಗೆ ಬಂದದ್ದನ್ನು ಹಾಗೇ ಉಳಿಸಿಕೊಳ್ಳಬೇಕಾದರೆ ಹೂವು ತೆರೆಯುವ ಮೊದಲೇ ಮೊಗ್ಗಿಗೆ ಬಟ್ಟೆಯ ಚೀಲ ಕಟ್ಟಬೇಕು. ಇಲ್ಲವಾದರೆ ಜೇನ್ನೊಣ ಪಕ್ಕದ ಸಾಲಿನ ಹೂವಿನ ಪರಾಗ ತಂದು ಇದಕ್ಕೆ ಹಚ್ಚಿ ಹೋಗುತ್ತದೆ, ಬೀಜ ಕಲಬೆರಕೆಯಾಗುತ್ತದೆ. ನಮ್ಮಲ್ಲಿ ಚೀಲ ಕಟ್ಟುವವರು ಹೆಂಗಸರು. ಒಬ್ಬೊಬ್ಬರದು ಒಂದೊಂದು ಬಣ್ಣದ ದಾರ, ಯಾರು ಕಟ್ಟಿದ್ದು ಎಂದು ಮುಂದೆ ಗೊತ್ತಾಗಲಿ ಎಂದು. ಹಸಿರು ದಾರ ಮೆಹಜಬೀನಳದು. ಅವಳನ್ನು ನೀನು ಮರೆತಿರಲಾರೆ. ಇದೇ ಊರಿನವಳು, ಎಳೆ ಕುಸುಬಿ ಸೊಪ್ಪಿನ ಪಲ್ಯ ಮಾಡುವುದನ್ನು ನಿನಗೆ ಕಲಿಸಿಕೊಟ್ಟವಳು. ಹೆಂಗಸರು ತಾವಾಗಿಯೇ ಕಟ್ಟುವ ಹಾಗಿಲ್ಲ. ಮರುದಿನ ತೆರೆಯಲಿರುವ ಮೊಗ್ಗು ಯಾವುದು ಎಂದು ಹಿಂದಿನ ಸಂಜೆ ನಾನು ಗುರುತು ಹಾಕಬೇಕು, ಅವರು ನಸುಕಿಗೆ ಬಂದು ಅಷ್ಟಕ್ಕೇ ಕಟ್ಟಬೇಕು. ಈ ನಿಯಮ ಮಾಡಿದವನು ನಾನು. ನನ್ನ ತಾಕಿನ ಮೊಗ್ಗಿಗೆ ನಾನು ಹೇಳದೆ ಬೇರೆ ಯಾರೂ ಕೈ ಹಚ್ಚಬಾರದು ಎಂದು ಎಲ್ಲರಿಗೂ ಗದರಿಸಿ ಇಟ್ಟಿದ್ದೆ.

ಆ ಮೂರು ದಿನ ಗುರುತು ಹಾಕುವವರು ಇರಲಿಲ್ಲ.

ತಾಕಿನ ಪುಸ್ತಕದಲ್ಲಿ ಮಾತ್ರ ಹನ್ನೆರಡರಿಂದ ಹದಿನಾಲ್ಕರವರೆಗೆ ನಲವತ್ತೊಂದನೇ ಸಾಲಿನ ಮುಂದೆ 'ವೇಳೆಗೆ ಸರಿಯಾಗಿ ಕಟ್ಟಿದೆ, ಹಸಿರು' ಎಂದು ನನ್ನ ಅಕ್ಷರದಲ್ಲಿ ಇದೆ. ಆ ಸಾಲಿನ ಬೀಜವೇ ಬೆಳೆಯುತ್ತ ಬೆಳೆಯುತ್ತ ತಳಿಯಾಯಿತು. ಹೋದ ವರ್ಷದಿಂದ ಚೀಲದಲ್ಲಿ ತುಂಬಿ ಮಾರುತ್ತಿದ್ದಾರೆ. ಚೀಲದ ಮೇಲೆ 'ಅರವತ್ತೇ ದಿನಕ್ಕೆ ಹೂವು' ಎಂದು ಅಚ್ಚಾಗಿದೆ.

ಕಳೆದ ತಿಂಗಳು ಯಲಬುರ್ಗಾ ಕಡೆಯಿಂದ ತಕರಾರು ಬಂದವು. ಕರಿಬಸಪ್ಪ ಎಂಬ ರೈತರು ಹನ್ನೊಂದು ಎಕರೆ ಹಾಕಿದ್ದರು. ತಿರುಪತಿಯವರೂ ನಾನೂ ಹೋದೆವು. ಬದುವಿನ ಮೇಲೆ ನಿಂತಾಗಲೇ ಗೊತ್ತಾಯಿತು. ಒಂದು ಗಿಡ ಹೂವು ಮುಗಿಸಿ ಒಣಗುತ್ತಿತ್ತು, ಪಕ್ಕದ್ದು ಇನ್ನೂ ಹಸಿರು ಮೊಗ್ಗು, ಅದರಾಚೆಯದು ಈಗ ತಾನೇ ಹಳದಿ. ಮೊಗ್ಗಿನವುಗಳ ತುಂಬ ಕರಿಹೇನು. ಕರಿಬಸಪ್ಪನವರು ಜಗಳ ಮಾಡಲಿಲ್ಲ. ನಮಗೆ ಚಹಾ ತರಿಸಿ ನಗುತ್ತ ಹೇಳಿದರು, "ನಿಮ್ಮ ಬೀಜ ಥೇಟ ನಮ್ಮ ಮನಿ ಮಂದಿ ಇದ್ದಂಗ ಐತ್ರಿ ಸಾಹೇಬ್ರ. ಒಬ್ಬಾಂವ ಕೋಳಿ ಕೂಗೂದ್ರಾಗ ಏಳ್ತಾನ, ಒಬ್ಬಾಂವ ರೊಟ್ಟಿ ಹಾಕಿಂದ ಏಳ್ತಾನ, ನಮ್ಮ ಸಣ್ಣ ಮಾವ ಅಂತೂ ಏಳೂದ ಇಲ್ಲ. ಈಗ ನಾನು ಕೊಯ್ಲಿಗೆ ಮಂದಿ ಕರದ್ರ ಯಾವ ಗಿಡಕ್ಕ ಕರೀಲಿ?"

ತಿರುಪತಿಯವರು ನಗಲಿಲ್ಲ. ಅವರು ಬಳ್ಳಾರಿ ಗಡಿಯಾಚೆಯವರು, ಕನ್ನಡವನ್ನು ತೂಕ ಮಾಡಿ ಮಾತಾಡುತ್ತಾರೆ. ಜೀಪಿನಲ್ಲಿ ಕೂತ ಮೇಲೆ, "ಇದು ಕಟ್ಟೋದ್ರಲ್ಲಿ ಆಗಿರೋ ತಪ್ಪು ಹಾಲೇಶ್. ಹಳೇ ಪುಸ್ತಕ ಎಲ್ಲಾ ತೆಗೀರಿ" ಎಂದರು. ಅವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಇಷ್ಟು ವರ್ಷ ಫಾರ್ಮಿನ ಸಣ್ಣ ತಾಕಿನಲ್ಲಿಯೂ ತಡವಾಗಿ ಮೊಗ್ಗು ಕಟ್ಟುವ ಗಿಡಗಳು ಬಂದಿದ್ದವು. ದೊಡ್ಡವರು ನೋಡಲು ಬರುವ ಮುಂಚೆ ನಾನೇ ಅವನ್ನು ಕಿತ್ತು ಹಳ್ಳಕ್ಕೆ ಎಸೆಯುತ್ತಿದ್ದೆ. ಒಂದು ವರ್ಷ ಒಂಬತ್ತು, ಇನ್ನೊಂದು ವರ್ಷ ಹದಿನಾಲ್ಕು. ಕಲಬೆರಕೆ ಕಡಿಮೆಯಾಗುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ಎಕರೆಯಲ್ಲಿ ಕಿತ್ತೆಸೆಯುವವರು ಯಾರು?

ಹಳೆಯ ಪುಸ್ತಕ ತೆಗೆದಾಗ ತಿರುಪತಿಯವರು ಅರ್ಧ ಗಂಟೆಯಲ್ಲಿ ತಪ್ಪು ಕಂಡುಹಿಡಿದರು. ಒಂದು ಕಡೆ ಹಾಜರಿ ಪುಸ್ತಕ, ಮೂರು ದಿನ ನಾನಿಲ್ಲ. ಇನ್ನೊಂದು ಕಡೆ ತಾಕಿನ ಪುಸ್ತಕ, ಅದೇ ಮೂರು ದಿನ ವೇಳೆಗೆ ಸರಿಯಾಗಿ ಕಟ್ಟಿದೆ. ನೀವಿಲ್ಲದಾಗ ಗುರುತು ಹಾಕಿದವರು ಯಾರು ಎಂದು ಕೇಳಿದರು. ಹೋಗುವ ಮೊದಲೇ ಮೂರು ದಿನಕ್ಕಾಗುವಷ್ಟು ಗುರುತು ಹಾಕಿ ಹೋಗಿದ್ದೆ, ಹೆಂಗಸರು ಕಟ್ಟುವುದು ತಡಮಾಡಿರಬೇಕು, ನಾನು ಬಂದು ಚೀಲ ಇದ್ದದ್ದು ನೋಡಿ ಬರೆದುಕೊಂಡೆ ಎಂದೆ. ಈ ಉತ್ತರವನ್ನು ನಾನು ಮೊದಲೇ ಯೋಚಿಸಿ ಇಟ್ಟಿರಲಿಲ್ಲ. ಕೇಳಿದ ಕೂಡಲೇ ಸಿದ್ಧವಾಗಿಯೇ ಬಂತು.

ಹೆಂಗಸರು ಎಂದರೆ ಹಸಿರು ದಾರ.

ಸೋಮವಾರ ಮೆಹಜಬೀನಳನ್ನು ಕರೆಸಿದರು. ಅವಳಿಗೆ ಈಗ ಐವತ್ತರ ಮೇಲಾಗಿದೆ. ಮುಳ್ಳು ಚುಚ್ಚಬಾರದೆಂದು ಕೈಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚದೆ ಹಾಗೇ ಬಂದು ನಿಂತಳು. ತಿರುಪತಿಯವರು ಕೇಳಿದ್ದನ್ನೆಲ್ಲ ಕೇಳಿ, ನನ್ನ ಕಡೆ ನೋಡದೆ ಹೇಳಿದಳು, "ಗುರುತ ಹಾಕಿದ್ದಿಲ್ರಿ. ಇವರು ಗಂಗಾವತಿಗೂ ಹೋಗಿದ್ದಿಲ್ಲ. ಊರಾಗ, ತಮ್ಮ ಮನ್ಯಾಗ ಇದ್ರು. ನಾ ಕರ್ಯಾಕ ಹೋಗಿದ್ದೆ. ಚಪ್ಪಲಿ ಹೊರಗ ಇದ್ವು."

"ಸಾರ್ ಚಪ್ಪಲಿ ಅಂತ ನಿನಗೆ ಹೆಂಗಮ್ಮಾ ಗೊತ್ತು?" ಎಂದರು ತಿರುಪತಿ.

"ಎಡಗಾಲಿಂದು ಹರದಿತ್ರಿ. ಮುಂದಿನ ವಾರ ಮದಿವಿ ಐತಿ, ಹೊಸಾವು ಬರತಾವು ಅನ್ನೂವರಂಗ ಅದನ್ನ ಎಳಕೊಂಡು ತಿರುಗ್ಯಾಡತಿದ್ರು. ನಾನ ಹೊಲಿಸಿಕೊಂಡ ಬಂದು ಕೊಟ್ಟಿದ್ನಿ. ನನ್ನ ಹೊಲಿಗಿ ನನಗ ಗುರುತ ಸಿಗೂದಿಲ್ಲೇನ್ರಿ?"

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಹೇಳಿದೆ, ಇಲ್ಲ, ನಾನು ಆಸ್ಪತ್ರೆಯಲ್ಲಿದ್ದೆ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ ಎಂದು. ಆಗ ಅವಳು ಮೊದಲ ಸಲ ನನ್ನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ. "ಹೌದ್ರಿ, ಅಕ್ಕೋರ್ನ ಕೇಳ್ರಿ ಮತ್ತ. ಅಕ್ಕೋರು ಏನ ಹೇಳ್ತಾರ ಅದಕ್ಕ ನಾನು ಹೂಂ ಅಂತೀನಿ" ಎಂದಳು.

ಅವಳಿಗೆ ಇದರಿಂದ ಏನಾಗುತ್ತದೆ ಎಂಬುದು ನಿನಗೆ ಗೊತ್ತಿರಲಿ. ತಡವಾಗಿ ಕಟ್ಟಿ ಸುಮ್ಮನಿದ್ದಳು ಎಂದು ಕಚೇರಿಯಲ್ಲಿ ಕಾಗದವಾದರೆ ಇಲ್ಲಿನ ಕೆಲಸ ಹೋಗುತ್ತದೆ. ಇಲ್ಲಿಂದ ಕುಷ್ಟಗಿಯವರೆಗೆ ಇರುವ ಯಾವ ಬೀಜದ ಹೊಲದವರೂ ಅವಳನ್ನಾಗಲಿ, ಅವಳ ಜೊತೆ ಬರುವ ಆರು ಹೆಂಗಸರನ್ನಾಗಲಿ ಕರೆಯುವುದಿಲ್ಲ. ಮೊಗ್ಗು ಕಟ್ಟುವ ಕೈಗೆ ಕೆಟ್ಟ ಹೆಸರು ಬಂದರೆ ಅದು ಹೋಗುವುದಿಲ್ಲ. ನಿಜವಾದದ್ದು ಕಾಗದವಾದರೆ ಹೋಗುವವನು ನಾನು, ಜೊತೆಗೆ ತಳಿ. ಅವಳ ಮೇಲಿನ ಕಾಗದ ನನ್ನ ಮೇಜಿನ ಮೇಲಿದೆ. ಅದಕ್ಕೆ ನಾನು ಸಹಿ ಮಾಡಬೇಕಾಗಿದೆ.

ಈಗ ಆ ಮೂರು ದಿನ.

ಹನ್ನೆರಡನೇ ತಾರೀಖು ಮುಂಜಾನೆ ನಿನ್ನ ತಾಯಿ ವಿರೂಪಾಕ್ಷಮ್ಮನವರು ಫೋನು ಮಾಡಿದರು. "ಭಾಳ ತ್ರಾಸ ಐತ್ರಿ, ಡಾಕ್ಟರು ಏನೂ ಹೇಳವಲ್ರು, ಲಗೂನ ಬರ್ರಿ" ಎಂದರು. ನಾನು ಫಾರ್ಮಿಗೆ ಹೇಳಿ, ಚೀಲಕ್ಕೆ ಎರಡು ಅಂಗಿ ಹಾಕಿಕೊಂಡು, ಬಸ್ಸಿಗೆ ಹೊತ್ತಿದೆ ಎಂದು ಮನೆಗೆ ಬಂದು ಕೂತೆ. ಒಂಬತ್ತರ ಬಸ್ಸು ಹೋಯಿತು. ಹನ್ನೊಂದರದು ಹೋಯಿತು. ಪ್ರತಿ ಬಸ್ಸಿಗೂ ಎದ್ದು ಚೀಲ ಹಿಡಿದುಕೊಳ್ಳುತ್ತಿದ್ದೆ, ಅದು ನೆನಪಿದೆ. ಮಧ್ಯಾಹ್ನ ನಿನ್ನದೇ ಫೋನು ಬಂತು. ಆಗ ಹೂವಿನ ಮಾತು ಹೇಳಿದೆ. ನೀನು "ಆಯ್ತು ಬಿಡ್ರಿ" ಎಂದೆ. ಅದಾದ ಮೇಲೆ ನಾನು ಫೋನನ್ನು ಆಫ್ ಮಾಡಿ ಜೋಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದೆ. ಬಾಗಿಲಿನ ಒಳಚಿಲಕ ಹಾಕಿದೆ.

ಕಾರಣ ಕೇಳಿದರೆ ನನ್ನ ಹತ್ತಿರ ಇರುವುದು ಇಷ್ಟೇ. ಮೊದಲ ಕೂಸು ಹೋದಾಗ, ಅದಕ್ಕೂ ಮೂರು ವರ್ಷ ಮುಂಚೆ, ಬಟ್ಟೆಯಲ್ಲಿ ಸುತ್ತಿದ್ದನ್ನು ನನ್ನ ಕೈಗೆ ಕೊಟ್ಟಿದ್ದರು. ಅದು ಬೆಚ್ಚಗಿತ್ತು. ನಿನಗೆ ನಾನು ಅದನ್ನು ಹೇಳಿರಲಿಲ್ಲ. ತಣ್ಣಗಿರುತ್ತದೆ ಎಂದುಕೊಂಡು ಕೈ ಚಾಚಿದ್ದೆ. ಎರಡನೇ ಸಲ ಇನ್ನೊಬ್ಬರು ಯಾರಾದರೂ ಕೈ ಚಾಚಲಿ ಎಂದು ಅನ್ನಿಸಿರಬೇಕು. ನಿನ್ನ ತಾಯಿ ಚಾಚಿದರು. ಅರವತ್ತೆಂಟು ವರ್ಷದ ಹೆಂಗಸು. ಅವರು ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಅವರು ತೀರಿಕೊಂಡಾಗ ನಾನು ಮಣ್ಣಿಗೆ ಬಂದಿದ್ದೆ, ಹಿಂದೆ ನಿಂತಿದ್ದೆ.

ಆದರೆ ಇದು ಕಾರಣವೇ ಎಂದು ನನಗೆ ಗೊತ್ತಿಲ್ಲ. ಹಾಗಿದ್ದರೆ ಹೊಲಕ್ಕಾದರೂ ಹೋಗಬಹುದಿತ್ತು. ಎರಡು ಕಿಲೋಮೀಟರು. ಅಲ್ಲಿ ಏಳು ವರ್ಷ ಕಾದ ಮೊಗ್ಗು ತೆರೆಯುತ್ತಿತ್ತು. ಅಲ್ಲಿಗೂ ಹೋಗಲಿಲ್ಲ. ಹಾಸಿಗೆಯ ಮೇಲೆ ಕೂತು ಚುರಮುರಿ ತಿಂದೆ. ಗೋಡೆಯ ಮೇಲೆ ನೀನು ಕ್ಯಾಲೆಂಡರಿಗೆ ಹೊಡೆದ ಮೊಳೆ ಇತ್ತು, ಅದನ್ನು ನೋಡಿದೆ. ದುಃಖ ಇತ್ತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಯಾವುದೂ ಇರಲಿಲ್ಲ.

ಎರಡನೇ ದಿನ ಸಂಜೆ ಮೆಹಜಬೀನ ಬಾಗಿಲು ಬಡಿದಳು. "ಸಾಹೇಬ್ರ, ಅದೀರೇನ್ರಿ? ನಲವತ್ತೊಂದರಾಗ ಹೂವು ತೆರ್ಯಾಕ ಹತ್ಯಾವ್ರಿ, ಹುಳ ಕುಂದ್ರಾಕ ಹತ್ಯಾವು. ಯಾವುಕ ಕಟ್ಟಲಿ ಒಂದ ಮಾತ ಹೇಳ್ರಿ ಸಾಕು. ಹೊರಗ ಬರಬ್ಯಾಡ್ರಿ." ಮತ್ತೊಮ್ಮೆ ಬಡಿದು, "ಆರಾಮಿಲ್ಲೇನ್ರಿ? ಅಕ್ಕೋರದು ಏನರ ಸುದ್ದಿ ಬಂತೇನ್ರಿ?" ಎಂದಳು. ನಾನು ಉಸಿರು ಹಿಡಿದು ಕೂತಿದ್ದೆ. ಮೂರು ಸಲ ಬಡಿದಳು. ಹೋಗುವಾಗ ಪಕ್ಕದ ಮನೆಯವರು ಏನೋ ಕೇಳಿದರು. "ಇಲ್ಲ, ಗಂಗಾವತಿಗೆ ಹೋಗ್ಯಾರ" ಎಂದು ಅವಳೇ ಹೇಳಿದ್ದು ನನಗೆ ಕೇಳಿಸಿತು.

ಮೂರನೇ ದಿನ ಅವಳು ತಡೆಯಲಾರದೆ ತಾನೇ ಕಟ್ಟಿದಳು, ತೆರೆದ ಹೂವಿಗೆ. ಹದಿನೈದಕ್ಕೆ ನಾನು ಹೊಲಕ್ಕೆ ಹೋದಾಗ ಸಾಲಿನ ತುದಿಯಲ್ಲೇ ಕಾಯುತ್ತಿದ್ದಳು. ಎಲ್ಲಿದ್ದಿರಿ ಎಂದು ಕೇಳಲಿಲ್ಲ. "ಇವು ತೆರದ ಮ್ಯಾಲೆ ಕಟ್ಟೀನ್ರಿ, ಸಾಹೇಬ್ರ. ಪುಸ್ತಕದಾಗ ಹಂಗ ಬರಕೋರಿ. ನನಗ ಬರ್ಯಾಕ ಬರೂದಿಲ್ಲ, ಹೇಳಾಕ ಬರತೈತಿ" ಎಂದಳು. ಆಯಿತು ಎಂದೆ. ಪುಸ್ತಕ ತೆರೆದೆ. ಹಾಗೆ ಬರೆದರೆ ಆ ಸಾಲನ್ನು ಬಿಸಾಡಬೇಕು. ಮರುವರ್ಷ ಕುಸುಬಿ ಕೆಲಸವನ್ನೇ ನಿಲ್ಲಿಸುವ ಮಾತು ಕಚೇರಿಯಲ್ಲಿ ನಡೆದಿತ್ತು. ಅವಳು ನೋಡುತ್ತ ನಿಂತಿದ್ದಳು. ನಾನು ಬರೆದೆ. ನಾನು ಬರೆದದ್ದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ.

ಆ ಸಂಜೆ ಗಂಗಾವತಿಗೆ ಬಂದೆ. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಹೂವಿನ ಕೆಲಸ ಮುಗಿಯಿತೇ ಎಂದು ನೀನು ಕೇಳಿದೆ. ಮುಗಿಯಿತು ಎಂದು ನಾನು ಹೇಳಿದೆ.

ಈ ಕಾಗದ ಬರೆಯಲು ಕೂತಾಗ ಇಷ್ಟೆಲ್ಲ ಬರೆಯುವ ಮನಸ್ಸಿರಲಿಲ್ಲ. ತಿರುಪತಿಯವರು ಕೇಳಿದರೆ 'ಹೌದು, ಇದ್ದರು' ಎಂದು ಹೇಳು, ಎರಡೇ ಶಬ್ದ, ಎಂದು ಕೇಳುವುದಕ್ಕೇ ಕೂತೆ. ಅದಕ್ಕೆ ನಾಲ್ಕು ಸಾಲು ಸಾಕಾಗಿತ್ತು. ಆ ನಾಲ್ಕು ಸಾಲಿನ ಹಾಳೆಯೂ ಇಲ್ಲೇ ಇದೆ, ಹರಿದಿಲ್ಲ. ಆದರೆ ಕಳಿಸುತ್ತಿರುವುದು ಇದನ್ನು. ನನಗೆ ಎರಡು ವರ್ಷ ನೌಕರಿ ಉಳಿದಿದೆ. ನಿನಗೆ ಗೊತ್ತಿದ್ದದ್ದನ್ನು ನೀನು ಹೇಳು. ಗೊತ್ತಿರದಿದ್ದದ್ದು ಈಗ ಗೊತ್ತಾಗಿದೆ, ಅದನ್ನೂ ಹೇಳುವುದಾದರೆ ಹೇಳು. ನಾನು ತಡೆಯುವುದಿಲ್ಲ.

ಕ್ಷಮೆ ಕೇಳುವ ಮಾತು ಇದರಲ್ಲಿ ಎಲ್ಲಿಯೂ ಬರಲಿಲ್ಲ ಎಂದು ತಿರುಗಿ ಓದಿದಾಗ ಕಂಡಿತು. ಸೇರಿಸಲು ನೋಡಿದೆ. ಯಾವ ಜಾಗದಲ್ಲಿ ಇಟ್ಟರೂ ಅದು ಏನನ್ನೋ ಬೇಡುವ ಹಾಗೆ ಕಾಣಿಸಿತು. ಬಿಟ್ಟೆ.

ಮೊಣಕಾಲಿನ ನೋವು ಹೇಗಿದೆ? ಶಾಲೆಗೆ ನಡೆದೇ ಹೋಗುತ್ತೀಯೇನು?

ಇಂತಿ,
ಹಾಲೇಶ

ತಾ.ಕ. ಸಹಿ ಮಾಡಬೇಕಾಗಿದೆ ಎಂದು ಮೇಲೆ ಬರೆದದ್ದು ನಿಜವಲ್ಲ. ಬುಧವಾರವೇ ಮಾಡಿದ್ದೇನೆ, ಮೂರು ಪ್ರತಿಗೂ. ಮೆಹಜಬೀನ ಮತ್ತು ಅವಳ ಜೊತೆಯವರು ನಿನ್ನೆಯಿಂದ ಕೆಲಸಕ್ಕಿಲ್ಲ. ಬರುವ ಶುಕ್ರವಾರ ನೀನು ಏನು ಹೇಳುತ್ತೀ ಎಂದು ಅವಳು ಕಾಯುತ್ತಿದ್ದಾಳೆ. ಆದರೆ ನಿನಗೆ ಆ ಫೋನು ಬರುವುದಿಲ್ಲ. ತಿರುಪತಿಯವರಿಗೆ ನಾನು ಕೊಟ್ಟದ್ದು ನೀನು ಬಿಟ್ಟ ಹಳೆಯ ನಂಬರು. ಅದು ಹತ್ತದಿದ್ದರೆ ನನ್ನ ಮಾತನ್ನೇ ಹಿಡಿಯುತ್ತಾರೆ. ಅವರ ನಂಬರನ್ನು ಈ ಹಾಳೆಯ ಹಿಂಬದಿ ಬರೆದಿದ್ದೇನೆ. ಸಂಜೆ ಆರರೊಳಗೆ ಮಾಡಿದರೆ ಸಿಗುತ್ತಾರೆ.